ಇಟ್ಟಿಗೆ ಸುಮ್ಮನಾದ ಹೊತ್ತು

ನಮ್ಮಪ್ಪ ಆಲೂರು ಕಡೆ ಗಾರೆ ಮೇಸ್ತ್ರಿ. ಇಟ್ಟಿಗೆ ಲೋಡ್ ಬಂದರೆ ಎರಡನ್ನು ಕೈಗೆತ್ತಿಕೊಂಡು ಒಂದಕ್ಕೊಂದು ಕುಟ್ಟುತ್ತಾರೆ. ಟಣ್ ಅಂದರೆ ಸರಿ. ಡಬ್ ಅಂದರೆ ಸರಿಯಾಗಿ ಬೆಂದಿಲ್ಲ, ವಾಪಸ್. ಹಾಸನದಲ್ಲಿ ಸಿವಿಲ್ ಓದುವಾಗ ನಾನು ಪ್ರಾಜೆಕ್ಟ್‌ಗೆ ಇಟ್ಟಿಗೆಯ ಸದ್ದನ್ನೇ ಆರಿಸಿಕೊಂಡಿದ್ದಕ್ಕೆ ಅದೇ ಕಾರಣ ಇರಬೇಕು.

ಜುಲೈ ತಿಂಗಳು, ಹೊರಗೆ ಜಡಿಮಳೆ. ಲ್ಯಾಬಿನ ಕಂಪ್ರೆಷನ್ ಮೆಷಿನ್ನಿಗೆ ಇಟ್ಟಿಗೆ ಕೊಟ್ಟು, ಅದರ ಪಕ್ಕಕ್ಕೆ ಗ್ರೀಸ್ ಸವರಿ ಸೆನ್ಸರ್ ಕೂರಿಸಿದೆ. ಗ್ರೀಸ್ ಇಲ್ಲದಿದ್ದರೆ ನಡುವೆ ಉಳಿದ ಗಾಳಿಯೇ ಸದ್ದನ್ನು ತಡೆದುಬಿಡುತ್ತದೆ. ಇಟ್ಟಿಗೆಯೊಳಗೆಲ್ಲ ಸಣ್ಣ ಸಣ್ಣ ತೂತು. ಭಾರ ಬಿದ್ದಾಗ ಅವುಗಳ ಅಂಚಿನಲ್ಲೇ ಬಿರುಕು ಹುಟ್ಟುವುದು ಜಾಸ್ತಿ. ಬಿರುಕು ಬಿಟ್ಟಾಗೆಲ್ಲ ಚಿಟ್ ಅಂತ ಒಂದು ಸದ್ದು. ನಮ್ಮ ಕಿವಿಗೆ 20 ಕಿಲೋಹರ್ಟ್ಸ್ ದಾಟಿದ್ದು ಕೇಳುವುದಿಲ್ಲ. ಸೆನ್ಸರ್ ಹಿಡಿಯುತ್ತಿದ್ದದ್ದು 100ರ ಮೇಲಿನದ್ದು.

ಪರದೆ ಮೇಲೆ ಒಂದೊಂದು ಸದ್ದಿಗೂ ಒಂದೊಂದರಂತೆ ಚುಕ್ಕಿಗಳು ಬೀಳತೊಡಗಿದವು. ಸಣ್ಣವು ರಾಶಿ, ದೊಡ್ಡವು ಎಲ್ಲೋ ಒಂದು. ಭೂಕಂಪಗಳದ್ದೂ ಇದೇ ಲೆಕ್ಕ. ವೈಕಾರ್ ಅನ್ನುವ ತೂತುಗಾಜನ್ನು ಒತ್ತಿ ಆ ಹೋಲಿಕೆ ತೋರಿಸಿದ ಪ್ರಬಂಧ ಬಂದದ್ದು 2013ರಲ್ಲಿ. ಅದನ್ನು ಓದಿಯೇ ನನಗೆ ಹುಚ್ಚು ಹಿಡಿದಿತ್ತು.

ಭಾರ 40 ಕಿಲೋನ್ಯೂಟನ್, ಅಂದರೆ ಸುಮಾರು ನಾಲ್ಕು ಟನ್. ಅಷ್ಟರಲ್ಲಿ ಕರೆಂಟ್ ಹೋಯಿತು. ಮಳೆಗಾಲ, ಇನ್ನೇನು ಮಾಡುವುದು? ಭಾರ ಇಳಿಸಿ ಕಾದೆ.

ಕರೆಂಟ್ ಬಂದ ಮೇಲೆ ಮತ್ತೆ ಒತ್ತಿದೆ. ಹತ್ತು, ಇಪ್ಪತ್ತು, ಮೂವತ್ತು. ಚುಕ್ಕಿಯೇ ಇಲ್ಲ. ಸೆನ್ಸರ್ ಕಿತ್ತೆ, ಹೊಸ ಗ್ರೀಸ್ ಹಚ್ಚಿದೆ, ವಯರ್ ಅಲ್ಲಾಡಿಸಿದೆ. ಬೇರೆಯವರಿಂದ ಎರವಲು ತಂದ ಸೆನ್ಸರ್ ಅದು, ಸುಟ್ಟುಹೋಗಿದ್ದರೆ ಗತಿಯೇನು ಅಂತ ಕೈ ನಡುಗುತ್ತಿತ್ತು. ಮೇಷ್ಟ್ರನ್ನು ಕರೆದೆ.

"ಮೊದಲ ಸಲ ಎಷ್ಟಕ್ಕೆ ನಿಲ್ಲಿಸಿದ್ದೆ?"

"ನಲವತ್ತಕ್ಕೆ ಸಾರ್."

"ಅದನ್ನ ದಾಟಿಸಿ ನೋಡು."

ನಲವತ್ತೊಂದು, ನಲವತ್ತೆರಡು. ಚುಕ್ಕಿಗಳು ಮಳೆಹನಿ ಥರ ಬಿದ್ದವು! ಇದನ್ನು ಕೈಸರ್ ಪರಿಣಾಮ ಅಂತಾರೆ. ಜರ್ಮನಿಯ ಜೋಸೆಫ್ ಕೈಸರ್ 1950ರ ತಮ್ಮ ಪ್ರಬಂಧದಲ್ಲೇ ಬರೆದಿದ್ದರು. ಹಳೆಯ ಭಾರ ಮಾಡಬೇಕಾದ ಬಿರುಕನ್ನೆಲ್ಲ ಆಗಲೇ ಮಾಡಿ ಮುಗಿಸಿರುತ್ತದೆ, ಅದನ್ನು ಮೀರುವ ತನಕ ಹೊಸ ಸದ್ದಿಗೆ ಕಾರಣವಿಲ್ಲ. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಇದನ್ನೇ ಬರೆದಿದ್ದೆ ನಾನು, ನೋಡಿ!

93ಕ್ಕೆ ಇಟ್ಟಿಗೆ ಒಡೆಯಿತು. ಆ ಸದ್ದಿಗೆ ಸೆನ್ಸರ್ ಬೇಕಿರಲಿಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಸರಿ ಕಣೋ, ಮೊದಲು ಕುಟ್ಟಿ ನೋಡಿದ್ಯಾ?"

ನೋಡಿರಲಿಲ್ಲ.