ಸುಂಕ ಅವರು ಹಾಕಿದ್ದು, ಗಂಟು ನಾವೇ ಹಾಕಿಕೊಂಡಿದ್ದು

2025ರ ಆಗಸ್ಟ್ 27ರಂದು ಅಮೆರಿಕ ನಮ್ಮ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು 50 ಪರ್ಸೆಂಟ್‌ಗೆ ಏರಿಸಿದಾಗ ಬೆಂಗಳೂರಲ್ಲಿ ಹೆಚ್ಚಿನವರು ಕೇಳಿದ್ದು ಐಟಿ ಕಂಪನಿಗಳ ಗತಿ ಏನು ಅಂತ. ಸಾಫ್ಟ್‌ವೇರ್ ಸೇವೆಗೆ ಆ ಸುಂಕ ತಗಲುತ್ತಲೇ ಇರಲಿಲ್ಲ. ಪೆಟ್ಟು ಬಿದ್ದಿದ್ದು ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ಗೆ. ಅದೇ ಶರ್ಟು ಬಾಂಗ್ಲಾದೇಶದಿಂದಲೋ ವಿಯೆಟ್ನಾಂನಿಂದಲೋ ಹೋದರೆ ಆಗ 20 ಪರ್ಸೆಂಟ್. ಆ ಅಂತರವನ್ನು ಯಾರು ತಾನೇ ತುಂಬಿಕೊಡಲು ಸಾಧ್ಯವಿತ್ತು?

ನಮ್ಮ ಏರಿಯಾದ ಒಬ್ಬ ಅಕ್ಕ ಎಕ್ಸ್‌ಪೋರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುತ್ತಾರೆ. ಕಾಲರಿನ ಮೂಲೆ ಚೂಪಾಗಿ ಬರಬೇಕು, ಎರಡೂ ಕಡೆ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಚೆಕಿಂಗ್‌ನಿಂದ ಪೀಸ್ ವಾಪಸ್ ಬರುತ್ತದೆ, ಅದನ್ನು ಬಿಚ್ಚಿ ಹೊಲಿಯುವಷ್ಟರಲ್ಲಿ ಮುಂದಿನ ಬಂಡಲ್ ಮೇಜಿನ ಮೇಲೆ ಬಂದು ಕೂತಿರುತ್ತದೆ. "ಮೊದಲು ಓಟಿ (ಓವರ್‌ಟೈಮ್) ನಿಲ್ಲಿಸಿದ್ರು, ಆಮೇಲೆ ನಮ್ಮ ಪಕ್ಕದ ಲೈನೇ ಮುಚ್ಚಿದ್ರು. ಟಾರ್ಗೆಟ್ ಮಾತ್ರ ಕಮ್ಮಿ ಮಾಡ್ಲಿಲ್ಲ ನೋಡಿ" ಅಂದರು. ಮನೆ ಬಾಡಿಗೆ ಕಟ್ಟುತ್ತಿದ್ದದ್ದೇ ಓಟಿ ದುಡ್ಡಿನಲ್ಲಿ.

ಆದರೆ ಎಲ್ಲ ತಪ್ಪನ್ನೂ ಟ್ರಂಪ್ ತಲೆಗೆ ಕಟ್ಟಿ ಕೂತರೆ ನಮಗೇ ನಷ್ಟ. 1991ರ ಜುಲೈ 24ರಂದು ಮನಮೋಹನ್ ಸಿಂಗ್ ಮಂಡಿಸಿದ ಬಜೆಟ್ ಬಗ್ಗೆ ನಾವು ತುಂಬಾ ಮಾತಾಡುತ್ತೇವೆ. ಚಿನ್ನ ಅಡ ಇಟ್ಟ ದೇಶ ಬಾಗಿಲು ತೆರೆಯಿತು, ನಿಜ. ಆದರೆ ಬಾಗಿಲು ತೆರೆದ ಮೇಲೂ ಸುಮಾರು ಹತ್ತು ವರ್ಷ ಸಿದ್ಧ ಉಡುಪು ಸಣ್ಣ ಕೈಗಾರಿಕೆಗೆ ಮೀಸಲಾಗಿಯೇ ಇತ್ತು. ಅಂದರೆ ಹೊಲಿಯುವವರು ದೊಡ್ಡದಾಗಿ ಬೆಳೆಯಲಿಕ್ಕೇ ಅಡ್ಡಿ! 2005ರ ಜನವರಿ 1ರಂದು ಜಗತ್ತಿನ ಜವಳಿ ಕೋಟಾ (ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಿಕೊಳ್ಳಬಹುದು ಅನ್ನುವ ಮಿತಿ) ರದ್ದಾದಾಗ ಚೀನಾ ದೊಡ್ಡ ದೊಡ್ಡ ಫ್ಯಾಕ್ಟರಿ ಕಟ್ಟಿಕೊಂಡು ಕಾಯುತ್ತಿತ್ತು. ನಾವು ಆಗಿನ್ನೂ ಬೆಳೆಯಲು ಶುರು ಮಾಡಿದ್ದೆವು.

ನೂಲಿನ ಕತೆ ಇನ್ನೂ ಬೇಜಾರು. ಜಗತ್ತು ಪಾಲಿಯೆಸ್ಟರ್ ಕಡೆ ವಾಲಿ ಎಷ್ಟೋ ಕಾಲವಾಯಿತು. ಜಾಗಿಂಗ್ ಪ್ಯಾಂಟು, ಜಾಕೆಟ್ಟು, ಈಜುಡುಗೆ ಎಲ್ಲ ಅದರದ್ದೇ. ನಮ್ಮಲ್ಲಿ ಜಿಎಸ್‌ಟಿ ಬಂದ ಮೇಲೆ ಪಾಲಿಯೆಸ್ಟರ್‌ನಂಥ ಕೃತಕ ನಾರಿಗೆ 18 ಪರ್ಸೆಂಟ್, ಅದರ ನೂಲಿಗೆ 12, ಬಟ್ಟೆಗೆ 5. ಕಚ್ಚಾ ಮಾಲಿಗೇ ಜಾಸ್ತಿ ತೆರಿಗೆ! ಹೆಚ್ಚಿಗೆ ಕಟ್ಟಿದ ತೆರಿಗೆ ರೀಫಂಡ್ ಆಗಿ ಬರುವವರೆಗೆ ಸಣ್ಣ ಮಿಲ್ಲಿನವನ ಬಂಡವಾಳ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನಾರು, ನೂಲು ಎರಡನ್ನೂ 5ಕ್ಕೆ ಇಳಿಸಿದ್ದು 2025ರ ಸೆಪ್ಟೆಂಬರ್ 22ರಿಂದ, ಅಮೆರಿಕದ ಪೆಟ್ಟು ಬಿದ್ದ ಮೇಲೆ. ಎಂಟು ವರ್ಷ ಮುಂಚೆಯೇ ಮಾಡಬಹುದಿತ್ತಲ್ವಾ?

ಬ್ರಿಟನ್ ಜೊತೆ 2025ರ ಜುಲೈ 24ರಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಪ್ರಕಾರ ನಮ್ಮ ಉಡುಪಿಗೆ ಅಲ್ಲಿ ಸುಂಕವಿಲ್ಲ. ಒಳ್ಳೆಯದೇ, ಆದರೆ ಅಮೆರಿಕದಷ್ಟು ದೊಡ್ಡ ಗಿರಾಕಿ ಅದಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಸುಧಾರಣೆ ಅಂದ ತಕ್ಷಣ ಕೆಲಸಗಾರರ ಪಾಲಿಗೆ ಬರುವುದು ಉದ್ದದ ದಿನ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಟ್ಟಿತು, ಮೂರು ತಿಂಗಳ ಓಟಿ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. ಫ್ಯಾಕ್ಟರಿ ಹತ್ತಿರ ಹಾಸ್ಟೆಲ್, ಮಕ್ಕಳನ್ನು ನೋಡಿಕೊಳ್ಳಲು ಒಳ್ಳೆಯ ಶಿಶುವಿಹಾರ, ಬದುಕಲು ಸಾಕಾಗುವ ಸಂಬಳ, ಇವೂ ಸುಧಾರಣೆಯೇ. ಇವು ಇದ್ದರೆ ಕೈಪಳಗಿದ ಹೆಂಗಸರು ಕೆಲಸ ಬಿಟ್ಟು ಹೋಗುವುದಿಲ್ಲ, ಪೀಸ್ ಕೆಡುವುದೂ ಕಮ್ಮಿಯಾಗುತ್ತದೆ.

ಕೇಳುವ ಶಕ್ತಿ ಅವರಿಗಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರ ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವಯಸ್ಸಿನವರೆಗೆ ತೆಗೆಯುವಂತಿಲ್ಲ ಅಂದಾಗ, 2016ರ ಏಪ್ರಿಲ್‌ನಲ್ಲಿ ಇದೇ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನಕ್ಕೆ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು.