ಬಿಕ್ಕಲಂ

14 ಜುಲೈ 2025, ಸೋಮವಾರ, ರಾತ್ರಿ

ಖಾತೆ ಅರ್ಜಿ ಮೂರನೇ ಸಲ ವಾಪಸ್ ಬಂತು. ಕ್ರಯಪತ್ರದಲ್ಲಿ ತಾತನ ಹೆಸರಿನ ಕೊನೆಗೆ 'ಅಪ್ಪ' ಇದೆಯಂತೆ, ಪಹಣಿಯಲ್ಲಿ ಇಲ್ಲವಂತೆ. ತಲೆ ಕೆಟ್ಟುಹೋಯಿತು.

ಸಾಯಂಕಾಲ ಪತ್ರ ಹಿಡಿದು ಅಪ್ಪನ ಹತ್ತಿರ ಕೂತೆ. ಬರೆದವರು ಅವರೇ ತಾನೆ? ಕನ್ನಡಕ ಹಣೆಗೇರಿಸಿ, ಕಾಗದ ಮೂಗಿನ ಹತ್ತಿರ ತಂದು, ಹಾಡಿನ ಥರ ಓದಿದರು: 'ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ...' ಚೆಕ್ಕುಬಂದಿ ಮುಗಿಯಿತು. ಕೆಳಗೆ ಮೂಲೆಯಲ್ಲಿ 'ಬಿಕ್ಕಲಂ', ಪಕ್ಕದಲ್ಲಿ ಅವರ ರುಜು.

"ಹಾಗಂದ್ರೆ ಏನಪ್ಪಾ?"

"ಬರೆದವನು ಅಂತ."

"ಯಾವ ಭಾಷೆ?"

"ಪತ್ರದ ಭಾಷೆ ಕಣೋ."

ಅದು ಅರಬ್ಬಿ. ಬಿ, ಕಲಂ: ಲೇಖನಿಯಿಂದ. ಅಪ್ಪನಿಗೆ ಅರಬ್ಬಿಯ ಗಂಧವೂ ಇಲ್ಲ. ಆದರೂ ಪತ್ರ ಬರಹಗಾರರಾಗಿ ಮೂವತ್ತು ವರ್ಷ ಅದನ್ನೇ ಬರೆದಿದ್ದಾರೆ.

ಎರಡು ವಾರದಿಂದ ನನ್ನ ತಲೆ ತುಂಬಾ ಅಮರ್ನಾ ಪತ್ರಗಳೇ. 1887ರಿಂದ ಈಜಿಪ್ಟಿನಲ್ಲಿ ಸಿಕ್ಕ ಮಣ್ಣಿನ ಹಲಗೆಗಳು, ಒಟ್ಟು 380ರ ಆಸುಪಾಸು. ಮೂರು ಸಾವಿರದ ಮುನ್ನೂರು ವರ್ಷಕ್ಕಿಂತ ಹಳೆಯವು. ಕಾನಾನಿನ, ಅಂದರೆ ಈಗಿನ ಇಸ್ರೇಲ್, ಪ್ಯಾಲೆಸ್ಟೀನ್, ಲೆಬನಾನ್ ಕಡೆಯ, ಪಾಳೇಗಾರರು ಈಜಿಪ್ಟಿನ ದೊರೆ ಫೇರೋಗೆ ಬರೆಸಿದ್ದೇ ಜಾಸ್ತಿ. ಪದಗಳು ಬಾಬಿಲೋನ್ ಕಡೆಯ ಅಕ್ಕಾಡಿಯನ್ ಭಾಷೆಯವು. ಕ್ರಿಯಾಪದದ ಹಿಂದುಮುಂದು ಮಾತ್ರ ಕಾನಾನಿನದು. 'ಕಳಿಸಿದ' ಅನ್ನೋಕೆ ಬಾಬಿಲೋನಿನವನು 'ಇಷ್ಪುರ್' ಅಂದರೆ, ಇವರು ಮನೆಮಾತಿನ ಯಕಾರ ಅಂಟಿಸಿ 'ಯಿಷ್ಪುರ್' ಅನ್ನುತ್ತಾರೆ. ನಾವು 'ಟ್ರೈ ಮಾಡ್ದೆ' ಅನ್ನಲ್ವಾ, ಹಾಗೆ ಅಂದುಕೊಂಡಿದ್ದೆ. ಇವತ್ತು ಅನ್ನಿಸಿತು, ಅಲ್ಲ. 'ಟ್ರೈ ಮಾಡ್ದೆ' ಬೀದಿಯ ಮಾತು. ಆ ಹಲಗೆಗಳದ್ದು ಬಹುಶಃ ಯಾರ ಮನೆಯಲ್ಲೂ ಆಡಿದ ಮಾತಲ್ಲ. ಪತ್ರದ ಭಾಷೆ.

ಅಪ್ಪನಿಗೆ ಮೆಗಿದ್ದೋ ಪಾಳೇಗಾರ ಬಿರಿದಿಯನ ಪತ್ರದ ಕಥೆ ಹೇಳಿದೆ. ಲಬಾಯಾ ಅನ್ನೋ ಪುಂಡನನ್ನು ಹಡಗಲ್ಲಿ ದೊರೆಗೆ ಕಳಿಸುತ್ತೇನೆ ಅಂದ ಅಕ್ಕೋ ಊರಿನ ಸುರಾತ, ದುಡ್ಡು ತಗೊಂಡು ಬಿಟ್ಟುಬಿಟ್ಟ. ಅದರ ಮೇಲೆ ದೂರು. 'ಹಡಗು' ಬರೆದು, ಒಂದು ಓರೆ ಮೊಳೆ ಒತ್ತಿ, ಪಕ್ಕದಲ್ಲಿ ಕಾನಾನಿನ 'ಅನಯಿ'. 'ಅವನ ಕೈಯಲ್ಲಿ' ಬರೆದು, ಪಕ್ಕದಲ್ಲಿ 'ಬದಿಉ'. ಕಾನಾನಿನ ಮಾತೂ ಅರಬ್ಬಿಯೂ ಒಂದೇ ಕುಟುಂಬದವು, ಹಾಗಾಗಿ ಆ 'ಬ'ವೂ ನಮ್ಮ ಬಿಕ್ಕಲಮ್ಮಿನ 'ಬಿ'ಯೂ ಅಣ್ಣತಮ್ಮಂದಿರು!

ಅಪ್ಪ ಅದಕ್ಕೇನೂ ಅನ್ನಲಿಲ್ಲ. "ಕೈಯಲ್ಲಿ ತಗೊಂಡ ಅಂತ ಬರೆದಿದಾನಾ? ಎರಡು ಭಾಷೇಲಿ? ಬುದ್ಧಿವಂತ. ಆಮೇಲೆ ಇಲ್ಲ ಅನ್ನೋ ಹಾಗಿಲ್ಲ ನೋಡು" ಅಂದರು.

ಊಟ ಆದಮೇಲೆ ಜೆರುಸಲೇಮಿನ ಪಾಳೇಗಾರ ಅಬ್ದಿ-ಹೇಬನ ಪತ್ರ ನೆನಪಾಯಿತು. ದೊರೆಗೆ ಬರೆದದ್ದೆಲ್ಲ ಮುಗಿದ ಮೇಲೆ ಅಡಿಯಲ್ಲಿ ಇನ್ನೆರಡು ಸಾಲು, ದೊರೆಯ ಲಿಪಿಕಾರನಿಗೇ: ನನ್ನ ಮಾತನ್ನು ದೊರೆಗೆ ಚೆನ್ನಾಗಿ ಒಪ್ಪಿಸು, ಇಲ್ಲಿ ನಾಡೆಲ್ಲ ಕೈಬಿಟ್ಟು ಹೋಗುತ್ತಿದೆ. ಓದೋನು ದೊರೆಯಲ್ಲ ಅಂತ ಅವನಿಗೂ ಗೊತ್ತಿತ್ತು. ನನ್ನ ಅರ್ಜಿಯ ಅಡಿಗೂ ಹಾಗೆ ಒಂದು ಸಾಲು ಹಾಕಿದ್ದರೆ?

ಅಪ್ಪ ಮಲಗೋಕೆ ಹೋದವರು ತಿರುಗಿ ಬಂದರು.

"ಹಲಗೆಗೆ ಎಷ್ಟು ತಗೋತಿದ್ರಂತೆ?"

ನಾಳೆ ಮತ್ತೆ ಕಚೇರಿಗೆ ಹೋಗಬೇಕು. ಆ ಒಂದು 'ಅಪ್ಪ'ನಿಗಾಗಿ.