ಧಾರವಾಡದ ಪಾರ್ಸೆಲ್ ಬೆಳಗಾವಿಗೆ ತಿರುಗಿತು

ಸಾಗರ, ನವೆಂಬರ್ 12, 2025, ಬುಧವಾರ

ಧಾರವಾಡಕ್ಕೆ ಹೊರಟಿದ್ದ ಸ್ಪೀಡ್ ಪೋಸ್ಟ್ ಪಾರ್ಸೆಲ್ಲನ್ನು ಇವತ್ತು ಬಟವಾಡೆಗೆ ಮುಂಚೆಯೇ ತಡೆದು ಬೆಳಗಾವಿಗೆ ತಿರುಗಿಸಿದೆವು. ಹೀಗೆ ಮಾಡಬಹುದು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಒಳಗಿದ್ದದ್ದು ಕೌದಿ. ಚಿಕ್ಕಮ್ಮನ ಮಗಳಿಗೆ ಹುಟ್ಟುವ ಕೂಸಿಗೆ ಅಂತ ಅಮ್ಮ ಮಳೆಗಾಲ ಪೂರ್ತಿ ಕೂತು ಹೊಲಿದದ್ದು. ನಡುವೆ ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು, ಸುತ್ತ ಒಗೆದು ಒಗೆದು ಮೆತ್ತಗಾದ ಹಳೇ ಪಂಚೆ. ಒತ್ತೊತ್ತಾಗಿ ಕೈಹೊಲಿಗೆ. ಕಳೆದರೆ ದುಡ್ಡು ಕೊಟ್ಟು ತರುವ ವಸ್ತು ಅಲ್ಲ.

ಬಾಣಂತನ ಧಾರವಾಡದಲ್ಲಿ ಅಂತ ಮೊದಲೇ ನಿಶ್ಚಯವಾಗಿತ್ತು. ನಿನ್ನೆ ರಾತ್ರಿ ಚಿಕ್ಕಮ್ಮನ ಫೋನ್ ಬಂತು. "ಡಾಕ್ಟರು ಆಕಿಗೆ ಪ್ರಯಾಣ ಬ್ಯಾಡ ಅಂದಾರ. ನಾವಽ ಬೆಳಗಾವಿಗೆ ಬಂದೇವಿ. ಮನಿ ಕೀಲಿ ಹಾಕೇವಿ." ಪಾರ್ಸೆಲ್ ಆಗಲೇ ದಾರಿಯಲ್ಲಿತ್ತು. ಬಾಗಿಲಿಗೆ ಬೀಗ ಇದ್ದರೆ ಪೋಸ್ಟ್‌ಮ್ಯಾನ್ ಹಾಗೇ ಬರೆದು ವಾಪಸ್ ಒಯ್ಯುತ್ತಾರೆ. ಕೆಲವು ದಿನ ಆಫೀಸಿನಲ್ಲಿಟ್ಟು, ಯಾರೂ ಬರದಿದ್ದರೆ ಕಳಿಸಿದವರಿಗೇ ಮರಳಿಸುತ್ತಾರೆ. ಅಷ್ಟರಲ್ಲಿ ಕೂಸು ಹುಟ್ಟಿರುತ್ತದೆ, ಅಲ್ವಾ?

ರಸೀದಿಯಲ್ಲಿ ಹದಿಮೂರು ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಒಂಬತ್ತು ಅಂಕಿ, ಕೊನೆಗೆ ಐಎನ್. ಅದನ್ನು ಹಾಕಿ ನೋಡಿದರೆ ಚೀಲ ಹುಬ್ಬಳ್ಳಿ ಮುಟ್ಟಿತ್ತು. ಇಲ್ಲೇ ಗಮನಿಸಬೇಕಾದ ವಿಷಯ ಇರುವುದು. ಪಾರ್ಸೆಲ್ ಒಂಟಿಯಾಗಿ ಹೋಗುವುದಿಲ್ಲ. ಬೇರೆ ಟಪಾಲಿನ ಜೊತೆ ಚೀಲಕ್ಕೆ ಸೇರಿ, ಬಾಯಿ ಕಟ್ಟಿಸಿಕೊಂಡು ಹೋಗುತ್ತದೆ. ದಾರಿಯಲ್ಲಿ ಯಾರೂ ಅದೊಂದನ್ನೇ ಹುಡುಕಿ ತೆಗೆಯಲಾರರು. ಬಟವಾಡೆ ಆಫೀಸಿನಲ್ಲಿ ಬೆಳಿಗ್ಗೆ ಚೀಲ ಬಿಚ್ಚಿ, ಬೀಟ್ ಪ್ರಕಾರ, ಅಂದರೆ ಒಬ್ಬೊಬ್ಬ ಪೋಸ್ಟ್‌ಮ್ಯಾನ್ ಸುತ್ತುವ ಬೀದಿಗಳ ಪ್ರಕಾರ ವಿಂಗಡಿಸಿ, ಪೋಸ್ಟ್‌ಮ್ಯಾನ್ ಹೆಸರಿಗೆ ಬರೆಯುತ್ತಾರಲ್ಲ, ಆ ಸ್ವಲ್ಪ ಹೊತ್ತೇ ನಮಗೆ ಸಿಗುವ ಅವಕಾಶ.

ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ 1930ರ ಸರಕು ಮಾರಾಟ ಕಾಯ್ದೆ ಪಾಠ ಮಾಡುತ್ತೇನೆ. ಕೊಂಡವನು ದಿವಾಳಿಯಾದರೆ, ದುಡ್ಡು ಬರದ ವ್ಯಾಪಾರಿ ದಾರಿಯಲ್ಲಿರುವ ಸರಕನ್ನು ತಡೆಯಬಹುದು ಅಂತ ಅದರಲ್ಲಿದೆ. ಕೊಂಡವನ ಕೈ ಸೇರಿದರೆ ಆ ಹಕ್ಕು ಮುಗಿಯಿತು. 52ನೇ ಕಲಂ ನನಗೆ ತುಂಬಾ ಇಷ್ಟ. ಸಾಗಿಸುವ ಕಂಪನಿಯ ಯಜಮಾನನಿಗೆ ನೋಟಿಸ್ ಕೊಟ್ಟರೆ ಸಾಲದು. ಸರಕು ಹಿಡಿದುಕೊಂಡಿರುವ ಅವನ ಆಳಿಗೆ ಸುದ್ದಿ ಮುಟ್ಟಿಸಿ, ಅವನು ಸರಕು ಕೊಡದಂತೆ ತಡೆಯುವಷ್ಟು ಸಮಯ ಇರುವಾಗಲೇ ಕೊಡಬೇಕು. ನಮ್ಮದು ವ್ಯಾಪಾರ ಅಲ್ಲ, ಆ ಕಾಯ್ದೆ ಇಲ್ಲಿಗೆ ಬರುವುದೂ ಇಲ್ಲ. ಆದರೆ ಆ ಕಲಂ ಬರೆದವರು ಸರಕು ಸಾಗುವ ಬಗೆಯನ್ನು ಹತ್ತಿರದಿಂದ ನೋಡಿದವರು.

ಅದಕ್ಕೇ ಸಹಾಯವಾಣಿಗೆ ಮಾಡದೆ, ಬೆಳಿಗ್ಗೆ ಬೇಗ ನೇರವಾಗಿ ಧಾರವಾಡದ ಅಂಚೆ ಕಚೇರಿಗೇ ಫೋನ್ ಮಾಡಿದೆ. ಎತ್ತಿದವರು ನಂಬರ್ ಬರೆದುಕೊಂಡು ತಾಳ್ಮೆಯಿಂದ ಕೇಳಿಸಿಕೊಂಡರು. "ಚೀಲ ಬಂದಾವ್ರಿ ಮೇಡಂ, ಈಗ ಬಿಚ್ಚಾಕತ್ತೀವಿ. ಸಿಕ್ಕರ ತಗದು ಇಡ್ತೀನಿ. ಆದರ ಬರೇ ಬಾಯಿಮಾತಿನ ಮ್ಯಾಲೆ ವಿಳಾಸ ಬದಲಿ ಮಾಡಾಕ ಬರೂದಿಲ್ರಿ. ನೀವು ಪೋಸ್ಟ್ ಮಾಡಿದ ಆಫೀಸಿನಿಂದ ಬರವಣಿಗೆ ಬರಬೇಕು."

ಅವರು ಹೇಳಿದ್ದು ಸರಿಯೇ. ಫೋನ್ ಮಾಡಿದವರ ಮಾತಿಗೆಲ್ಲ ಪಾರ್ಸೆಲ್ ತಿರುಗಿಸಿದರೆ ಯಾರ ವಸ್ತು ಯಾರ ಮನೆಗೆ ಹೋಗುತ್ತದೋ!

ನಮ್ಮ ಪೋಸ್ಟಾಫೀಸು ತೆರೆಯುತ್ತಲೇ ಹೋದೆ. ಪೋಸ್ಟ್ ಮಾಸ್ತರ ಹೆಸರಿಗೆ ಅರ್ಜಿ ಬರೆದೆ. ರಸೀದಿಯ ನಂಬರ್, ಹಳೇ ವಿಳಾಸ, ಹೊಸ ವಿಳಾಸ, ಕಾರಣ, ಸಹಿ. ಜೊತೆಗೆ ರಸೀದಿ ಮತ್ತು ಆಧಾರ್ ಪ್ರತಿ. ಕಳಿಸಿದವರು ನಾನೇ ಅಂತ ಖಾತ್ರಿ ಮಾಡಿಕೊಂಡು, ಶುಲ್ಕ ತೆಗೆದುಕೊಂಡು, ಅರ್ಜಿಯನ್ನು ಅಲ್ಲಿಂದಲೇ ಧಾರವಾಡಕ್ಕೆ ಇಮೇಲ್ ಮಾಡಿದರು. ಪಿನ್ ಕೋಡನ್ನು ಮಾಸ್ತರರು ಎರಡೆರಡು ಸಲ ಓದಿಸಿದರು. ಧಾರವಾಡದ್ದು 580001, ಬೆಳಗಾವಿಯದ್ದು 590001. ಒಂದೇ ಅಂಕಿ ವ್ಯತ್ಯಾಸ, ಊರೇ ಬೇರೆ. "ಮೇಡಂ, ಬೆಳಗಾವಿ ಮನೆ ಯಾರ ಹೆಸರಲ್ಲಿದೆ?" ಅಂತಲೂ ಕೇಳಿದರು. ಒಳ್ಳೇ ಪ್ರಶ್ನೆ. ಆ ಬೀದಿಯಲ್ಲಿ ಚಿಕ್ಕಮ್ಮನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಅಳಿಯನ ಹೆಸರಿಗೆ ಕೇರಾಫ್ ಹಾಕಿದೆ.

ಹನ್ನೊಂದರ ಹೊತ್ತಿಗೆ ಧಾರವಾಡದವರೇ ಫೋನ್ ಮಾಡಿದರು. ಪಾರ್ಸೆಲ್ ಬೀಟಿಗೆ ಹೋಗುವ ಮೊದಲೇ ಸಿಕ್ಕಿದೆ, ಪತ್ರವೂ ಬಂದಿದೆ, ಮಧ್ಯಾಹ್ನದ ಚೀಲಕ್ಕೆ ಹಾಕುತ್ತೇವೆ ಅಂದರು. ಅಷ್ಟು ಟಪಾಲಿನ ನಡುವೆ ನಮ್ಮದೊಂದನ್ನು ನೆನಪಿಟ್ಟು ಹುಡುಕಿದರಲ್ಲ, ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ಅಮ್ಮ ಫೋನ್ ಕಸಿದುಕೊಂಡು ತನ್ನ ಊರಿನ ಮಾತಿನಲ್ಲೇ ಅವರಿಗೆ ಹರಸಿದಳು.

ಸಂಜೆ ನೋಡಿದೆ. ಧಾರವಾಡದಿಂದ ಹೊರಟಿದೆ ಅಂತ ತೋರಿಸುತ್ತಿದೆ. ನಾಳೆ ಬೆಳಿಗ್ಗೆ ಚಿಕ್ಕಪ್ಪ ಬೆಳಗಾವಿಯ ಹೆಡ್ ಪೋಸ್ಟಾಫೀಸಿಗೆ ಹೋಗಿ ತಮ್ಮ ಮೊಬೈಲ್ ನಂಬರ್ ಕೊಟ್ಟು ಬರುತ್ತಾರೆ.